ಪಬ್‌ಮೆಡ್‌ನಲ್ಲಿ ಜರಡಿ ಹಿಡಿಯೋದು ಹೇಗೆ?

ಪಬ್‌ಮೆಡ್ ಅಂದ ತಕ್ಷಣ "ಅದು ಎಂಬಿಬಿಎಸ್‌ನವರದ್ದು, ನಮಗ್ಯಾಕೆ?" ಅಂತ ಅನ್ನಿಸೋದು ಸಹಜ. ಆದರೆ ನಮ್ಮ ಯಾವುದೇ ಬ್ರಾಂಚ್‌ನ ಮಿನಿ ಪ್ರಾಜೆಕ್ಟ್ ಪಟ್ಟಿ ತೆಗೆದು ನೋಡಿ. ಹಾರ್ಟ್ ರೇಟ್ ಮಾನಿಟರ್, ಇಸಿಜಿ, ಅಜ್ಜ-ಅಜ್ಜಿ ಬಿದ್ದರೆ ಮೆಸೇಜ್ ಕಳಿಸುವ ಬೆಲ್ಟ್, ಎಕ್ಸ್‌ರೇ ನೋಡಿ ನ್ಯುಮೋನಿಯಾ ಗುರುತಿಸುವ ಮಾಡೆಲ್, ಪಲ್ಸ್ ಆಕ್ಸಿಮೀಟರ್. ಎಲ್ಲವೂ ಮನುಷ್ಯನ ಮೈಗೆ ಸಂಬಂಧಪಟ್ಟದ್ದೇ. ಸರ್ಕ್ಯೂಟ್ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಐಟ್ರಿಪಲ್‌ಇ ಪೇಪರ್‌ಗಳು ಸಾಕು. ಆದರೆ ಆ ಸರ್ಕ್ಯೂಟ್ ತೋರಿಸಿದ ನಂಬರನ್ನು ನಂಬಿದಾಗ ಒಬ್ಬ ರೋಗಿಗೆ ಏನಾಯಿತು ಅಂತ ತಿಳಿಯಬೇಕಾದರೆ ಡಾಕ್ಟರುಗಳು ಬರೆದದ್ದನ್ನು ಓದಲೇಬೇಕು. ಅದಕ್ಕೆ ಮೊದಲ ಬಾಗಿಲು ಪಬ್‌ಮೆಡ್.

ಬಾಗಿಲು ತೆಗೆದರೆ ಒಳಗೆ ಸಮುದ್ರ. ಮೂರೂವರೆ ಕೋಟಿಗೂ ಹೆಚ್ಚು ದಾಖಲೆಗಳಿವೆ. "ಪಲ್ಸ್ ಆಕ್ಸಿಮೆಟ್ರಿ" ಅಂತ ಸುಮ್ಮನೆ ಟೈಪ್ ಮಾಡಿದರೂ ಹತ್ತು ಸಾವಿರಕ್ಕಿಂತ ಜಾಸ್ತಿ ಬರುತ್ತೆ. ರಿವ್ಯೂಗೆ ಉಳಿದಿರೋದು ಹತ್ತು ದಿನ. ಆಗ ನಾವೆಲ್ಲ ಮಾಡುವ ಕೆಲಸ ಒಂದೇ: ಎಡಗಡೆ ಕಾಣುವ ಫಿಲ್ಟರ್‌ಗಳನ್ನೆಲ್ಲ ಟಕಟಕ ಅಂತ ಒತ್ತಿ ಮೊದಲ ಪೇಜಿನ ಹತ್ತು ಪೇಪರ್ ಎತ್ತಿಕೊಳ್ಳೋದು. ಸಂಖ್ಯೆ ಕಡಿಮೆ ಆಯ್ತು ಅಂತ ಸಮಾಧಾನ. ಆದರೆ ಹೋದದ್ದು ಹೊಟ್ಟೋ ಕಾಳೋ ಅಂತ ಯಾರೂ ನೋಡಿರಲ್ಲ.

ಈ ಲೇಖನದಲ್ಲಿ ನಾವು ಹೇಳೋದು ಇಷ್ಟೇ: ಸರ್ಚ್ ಕಿರಿದು ಮಾಡೋದು ತಪ್ಪಲ್ಲ, ಮಾಡಲೇಬೇಕು. ಆದರೆ ಪ್ರತಿಯೊಂದು ಫಿಲ್ಟರ್ ಏನನ್ನು ಹೊರಗೆ ಹಾಕುತ್ತೆ ಅಂತ ಗೊತ್ತಿದ್ದು ಮಾಡಬೇಕು. ಉದಾಹರಣೆಗೆ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗೋಣ. ಅದು ನಮ್ಮೆಲ್ಲರ ಬೆರಳಿಗೂ ಸಂಬಂಧಪಟ್ಟ ಪ್ರಶ್ನೆ.

ಬೆರಳಿನ ಬಣ್ಣ ಮತ್ತು ಮೀಟರಿನ ನಂಬರ್

ಪಲ್ಸ್ ಆಕ್ಸಿಮೀಟರ್ ಗೊತ್ತಲ್ಲ? 2021ರಲ್ಲಿ ಕೋವಿಡ್‌ನ ಎರಡನೇ ಅಲೆ ಬಂದಾಗ ಮನೆಮನೆಯಲ್ಲೂ ಬೆರಳಿಗೆ ಕ್ಲಿಪ್ ಹಾಕಿ "94ಕ್ಕಿಂತ ಮೇಲಿದೆಯಾ?" ಅಂತ ನೋಡುತ್ತಿದ್ದೆವು. ಅದರ ಒಳಗೆ ಎರಡು ಎಲ್‌ಇಡಿ ಇರುತ್ತೆ. ಒಂದು ಸುಮಾರು 660 ನ್ಯಾನೋಮೀಟರ್‌ನ ಕೆಂಪು ಬೆಳಕು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಆಸ್ಪತ್ರೆಯ ಮೀಟರ್‌ಗಳಲ್ಲಿ ಸಾಮಾನ್ಯವಾಗಿ 940ರ ಸುತ್ತಮುತ್ತ. ನಾವು ಲ್ಯಾಬ್‌ನಲ್ಲಿ ಬಳಸುವ ಮ್ಯಾಕ್ಸ್30102 ಮಾಡ್ಯೂಲ್‌ನಲ್ಲಿ ಅದು 880. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಈ ಎರಡು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಬಡಿದ ಹಾಗೆಲ್ಲ ಬದಲಾಗುವ ಭಾಗವನ್ನು ಮಾತ್ರ ತೆಗೆದುಕೊಂಡು ಅನುಪಾತ ಹಾಕಿದರೆ ಶೇಕಡಾವಾರು ಸಿಗುತ್ತೆ. 1970ರ ದಶಕದಲ್ಲಿ ಈ ಉಪಾಯ ಹುಡುಕಿದವರು ಜಪಾನಿನ ಇಂಜಿನಿಯರ್ ಟಕುವೊ ಅಒಯಾಗಿ.

ನಾಡಿಯ ಜೊತೆ ಬದಲಾಗುವ ಭಾಗ ಮಾತ್ರ ಲೆಕ್ಕಕ್ಕೆ ಬರುವುದರಿಂದ ಚರ್ಮದ ಬಣ್ಣ ತಾನಾಗೇ ಕ್ಯಾನ್ಸಲ್ ಆಗಬೇಕು, ಥಿಯರಿ ಪ್ರಕಾರ. ಆದರೆ ಆ ಅನುಪಾತವನ್ನು ಶೇಕಡಾವಾರಿಗೆ ಬದಲಿಸುವ ಟೇಬಲ್ ಬಂದಿರೋದು ಸಮೀಕರಣದಿಂದ ಅಲ್ಲ, ಜನರ ಮೇಲೆ ಅಳತೆ ಮಾಡಿ. ಯಾವ ಜನ? ಅಮೆರಿಕದ ಎಫ್‌ಡಿಎ 2013ರ ಮಾರ್ಗಸೂಚಿಯಲ್ಲಿ ಕೇಳಿದ್ದು, ಪರೀಕ್ಷೆಗೆ ಬಂದವರಲ್ಲಿ ಕನಿಷ್ಠ ಇಬ್ಬರು ಅಥವಾ ಶೇ. 15ರಷ್ಟು, ಎರಡರಲ್ಲಿ ಯಾವುದು ದೊಡ್ಡದೋ ಅಷ್ಟು ಜನ ಕಪ್ಪು ಮೈಬಣ್ಣದವರಾಗಿರಬೇಕು ಅಂತ. ಅಷ್ಟೇ. ನಮ್ಮ ಹಾಸ್ಟೆಲ್‌ನ ಒಂದೇ ಕಾರಿಡಾರ್‌ನಲ್ಲಿ ಗೋಧಿ ಬಣ್ಣದಿಂದ ಎಣ್ಣೆಗಪ್ಪಿನ ತನಕ ಎಲ್ಲ ಬೆರಳೂ ಸಿಗುತ್ತೆ.

ಹಾಗಾಗಿ ನಮ್ಮ ಪ್ರಶ್ನೆ: ಕಪ್ಪು ಚರ್ಮದವರಲ್ಲಿ ಪಲ್ಸ್ ಆಕ್ಸಿಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತಾ? ಇದಕ್ಕೆ ಉತ್ತರ ಹೇಳುವ ಮೂರು ಮುಖ್ಯ ಪೇಪರ್‌ಗಳನ್ನು ನೆನಪಲ್ಲಿ ಇಟ್ಟುಕೊಳ್ಳಿ. ಮುಂದೆ ಒಂದೊಂದು ಫಿಲ್ಟರ್ ಹಾಕಿದಾಗಲೂ ಇವು ಉಳಿಯುತ್ತವಾ ಹೋಗುತ್ತವಾ ಅಂತ ನೋಡುತ್ತೀವಿ.

ಒಂದನೆಯದು 1990ರದ್ದು, "ಚೆಸ್ಟ್" ಅನ್ನೋ ಜರ್ನಲ್‌ನಲ್ಲಿ ಬಂದದ್ದು. ವೆಂಟಿಲೇಟರ್‌ನಲ್ಲಿರುವ ರೋಗಿಗಳಿಗೆ ಎಷ್ಟು ಆಕ್ಸಿಜನ್ ಕೊಡಬೇಕು ಅನ್ನೋದನ್ನು ನಿರ್ಧರಿಸಲು ಪಲ್ಸ್ ಆಕ್ಸಿಮೆಟ್ರಿ ಎಷ್ಟು ನಂಬಿಕಸ್ಥ ಅನ್ನೋದು ಅದರ ತಲೆಬರಹ. ಕಪ್ಪು ರೋಗಿಗಳಲ್ಲಿ ಮೀಟರ್ ಅಷ್ಟು ನಿಖರವಲ್ಲ ಅನ್ನೋ ಮಾತು ಅಬ್‌ಸ್ಟ್ರಾಕ್ಟ್‌ನಲ್ಲಿದೆ, ತಲೆಬರಹದಲ್ಲಿ ಇಲ್ಲ. ಎರಡನೆಯದು 2005ರದ್ದು, "ಅನಸ್ತೇಷಿಯಾಲಜಿ" ಜರ್ನಲ್‌ನದು. ಆಕ್ಸಿಜನ್ ಮಟ್ಟ ಇಳಿದಾಗ ಮೀಟರಿನ ನಿಖರತೆಯ ಮೇಲೆ ಚರ್ಮದ ಬಣ್ಣದ ಪರಿಣಾಮ ಏನು ಅಂತ ನೇರವಾಗಿ ಅಳೆದದ್ದು. ಮೂರನೆಯದು 2020ರ ಡಿಸೆಂಬರ್‌ನಲ್ಲಿ "ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್"ನಲ್ಲಿ ಬಂದ ಒಂದು ಪತ್ರ, ಪಲ್ಸ್ ಆಕ್ಸಿಮೆಟ್ರಿಯಲ್ಲಿ ಜನಾಂಗೀಯ ಪಕ್ಷಪಾತ ಅನ್ನೋ ಅರ್ಥದ ತಲೆಬರಹದ್ದು. ಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ಅಪಧಮನಿಯ ರಕ್ತ ತೆಗೆದು ಅಳೆದರೆ 88ಕ್ಕಿಂತ ಕೆಳಗಿದ್ದ ಸಂದರ್ಭಗಳನ್ನು ಅವರು ಎಣಿಸಿದರು. ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯ ದಾಖಲೆಗಳಲ್ಲಿ ಬಿಳಿಯ ರೋಗಿಗಳಲ್ಲಿ ಇದು ಶೇ. 3.6, ಕಪ್ಪು ರೋಗಿಗಳಲ್ಲಿ ಶೇ. 11.7. ಸುಮಾರು ಮೂರು ಪಟ್ಟು. 2021ರ ಫೆಬ್ರವರಿಯಲ್ಲಿ ಎಫ್‌ಡಿಎ ಮೀಟರ್‌ಗಳ ಮಿತಿಯ ಬಗ್ಗೆ ಎಚ್ಚರಿಕೆ ಪ್ರಕಟಿಸಿತು.

ಇವು ಅಮೆರಿಕದ ರೋಗಿಗಳ ಅಂಕಿಗಳು. ಹಾಗೇ ಎತ್ತಿ ನಮ್ಮೂರಿಗೆ ಅಂಟಿಸೋಕೆ ಬರಲ್ಲ. ಆದರೆ ಪ್ರಾಜೆಕ್ಟ್ ಮಾಡುವವರು ಈ ಮೂರನ್ನೂ ಓದದೆ "ನಮ್ಮ ಡಿವೈಸ್ ನಿಖರವಾಗಿದೆ" ಅಂತ ಬರೆದರೆ ಅದು ಬರೀ ಮಾತಷ್ಟೇ.

ಪಬ್‌ಮೆಡ್ ಏನು, ಏನಲ್ಲ

ಪಬ್‌ಮೆಡ್ ನಡೆಸೋದು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್. 1996ರಲ್ಲಿ ಶುರುವಾಯಿತು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಇದರಲ್ಲಿ ಪೂರ್ತಿ ಪೇಪರ್ ಇರಲ್ಲ ಅನ್ನೋದು ಮೊದಲು ತಿಳಿಯಬೇಕಾದ ವಿಷಯ. ಇರೋದು ಪೇಪರಿನ ದಾಖಲೆ: ತಲೆಬರಹ, ಲೇಖಕರು, ಜರ್ನಲ್, ವರ್ಷ, ಇದ್ದರೆ ಅಬ್‌ಸ್ಟ್ರಾಕ್ಟ್. ಅಂದರೆ ನೀವು ಹುಡುಕುವ ಪದ ಪೇಪರಿನ ಆರನೇ ಪುಟದಲ್ಲಿದ್ದರೆ ಪಬ್‌ಮೆಡ್‌ಗೆ ಕಾಣಲ್ಲ. ಪೂರ್ತಿ ಪಠ್ಯ ಬೇಕಾದರೆ ಅದೇ ಸಂಸ್ಥೆಯ ಪಬ್‌ಮೆಡ್ ಸೆಂಟ್ರಲ್ ಬೇರೆ ಇದೆ. ಹೆಸರು ಒಂದೇ ಥರ ಇರೋದರಿಂದ ಎರಡೂ ಒಂದೇ ಅಂದುಕೊಳ್ಳಬೇಡಿ.

ಇನ್ನೊಂದು ಮಾತು: ಬಾಕ್ಸ್‌ನಲ್ಲಿ ಟೈಪ್ ಮಾಡೋದು ಇಂಗ್ಲಿಷ್‌ನಲ್ಲೇ. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಸರ್ಚ್ ಪದಗಳನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಿ.

ಪ್ರಶ್ನೆಯನ್ನು ಚೀಲಗಳಾಗಿ ಒಡೆಯೋದು

ಡಾಕ್ಟರುಗಳು ಪ್ರಶ್ನೆಯನ್ನು ನಾಲ್ಕು ಭಾಗ ಮಾಡುತ್ತಾರೆ: ಯಾವ ರೋಗಿ, ಯಾವ ಚಿಕಿತ್ಸೆ ಅಥವಾ ಪರೀಕ್ಷೆ, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶ. ಇದನ್ನು ಪಿಕೋ ಅಂತಾರೆ. ನಮ್ಮ ಪ್ರಶ್ನೆಗೆ ಹಾಕಿದರೆ: ಕಪ್ಪು ಚರ್ಮದವರು, ಪಲ್ಸ್ ಆಕ್ಸಿಮೀಟರ್, ಅಪಧಮನಿಯ ರಕ್ತಪರೀಕ್ಷೆಯ ಹೋಲಿಕೆ, ನಿಖರತೆ.

ನಾಲ್ಕನ್ನೂ ಸರ್ಚ್‌ಗೆ ಹಾಕಬೇಡಿ. ಒಂದೊಂದು ಭಾಗ ಸೇರಿಸಿದಾಗಲೂ "ಈ ಪದ ಇಲ್ಲದ ಪೇಪರ್ ಬೇಡ" ಅಂತ ಹೇಳಿದ ಹಾಗೆ. ನಿಖರತೆ ಅನ್ನೋದಕ್ಕೆ ಒಬ್ಬರು ಅಕ್ಯುರಸಿ ಅಂತಾರೆ, ಒಬ್ಬರು ಬಯಾಸ್, ಇನ್ನೊಬ್ಬರು ರಿಲಯಬಿಲಿಟಿ, ಮತ್ತೊಬ್ಬರು ಎರರ್. ಮೊದಲು ಎರಡು ಭಾಗ ಸಾಕು: ಯಂತ್ರ ಮತ್ತು ಚರ್ಮ. ಎರಡು ಚೀಲ ಅಂದುಕೊಳ್ಳಿ. ಪ್ರತಿ ಚೀಲದ ಒಳಗೆ ಒಂದೇ ವಿಷಯಕ್ಕೆ ಜನ ಬಳಸುವ ಎಲ್ಲ ಪದಗಳನ್ನೂ ತುಂಬಿ "ಆರ್" ಹಾಕಿ. ಎರಡು ಚೀಲದ ಮಧ್ಯೆ "ಆಂಡ್" ಹಾಕಿ. ಚೀಲದ ಬಾಯಿ ಕಟ್ಟೋಕೆ ಬ್ರಾಕೆಟ್.

ಯಂತ್ರದ ಚೀಲ: ಆಕ್ಸಿಮೆಟ್ರಿ, ಆಕ್ಸಿಮೀಟರ್, ಆಕ್ಸಿಮೀಟರ್ಸ್. ಚರ್ಮದ ಚೀಲ: ಸ್ಕಿನ್ ಪಿಗ್ಮೆಂಟೇಶನ್, ಸ್ಕಿನ್ ಟೋನ್, ಸ್ಕಿನ್ ಕಲರ್, ಡಾರ್ಕ್ ಸ್ಕಿನ್, ರೇಸ್, ರೇಷಿಯಲ್, ಎಥ್ನಿಸಿಟಿ, ಬ್ಲ್ಯಾಕ್ ಪೇಷಂಟ್ಸ್. ಕಲರ್ ಅನ್ನೋದಕ್ಕೆ ಬ್ರಿಟಿಷ್ ಮತ್ತು ಅಮೆರಿಕನ್ ಸ್ಪೆಲಿಂಗ್ ಎರಡೂ ಬೇಕು.

ಎರಡನೇ ಚೀಲ ಯಾಕೆ ಇಷ್ಟು ದಪ್ಪ ಅಂದರೆ, ಮೂರೂ ಪೇಪರ್ ಬೇರೆ ಬೇರೆ ಪದ ಬಳಸಿವೆ. 2005ರದ್ದು ಪಿಗ್ಮೆಂಟೇಶನ್ ಅಂತು. 1990ರದ್ದು ಬ್ಲ್ಯಾಕ್ ಪೇಷಂಟ್ಸ್ ಅಂತು. 2020ರದ್ದು ರೇಷಿಯಲ್ ಅಂತು. "ಸ್ಕಿನ್" ಒಂದೇ ಪದವನ್ನು ತಲೆಬರಹ ಮತ್ತು ಅಬ್‌ಸ್ಟ್ರಾಕ್ಟ್‌ನಲ್ಲಿ ಹುಡುಕಿದರೆ 2020ರ ಪತ್ರ ಸಿಗಲ್ಲ. ಈ ವಿಷಯಕ್ಕೆ ಜಗತ್ತೇ ತಿರುಗಿ ನೋಡುವಂತೆ ಮಾಡಿದ್ದು ಅದೇ ಪತ್ರ. ಅದರ ತಲೆಬರಹದಲ್ಲಿ ಚರ್ಮ ಅನ್ನೋ ಪದವೇ ಇಲ್ಲ. ಪತ್ರವಾದ್ದರಿಂದ ಅಬ್‌ಸ್ಟ್ರಾಕ್ಟ್ ಕೂಡ ಇಲ್ಲ.

ಆಂಡ್, ಆರ್, ನಾಟ್: ಸಿ ಪ್ರೋಗ್ರಾಂ ಅಲ್ಲ ಇದು

ಬೂಲಿಯನ್ ನಮಗೆ ಹೊಸದಲ್ಲ. ಆದರೆ ಪಬ್‌ಮೆಡ್‌ನ ಮೂರು ನಿಯಮ ಗೊತ್ತಿರಬೇಕು.

ಒಂದು, ಮೂರೂ ಆಪರೇಟರ್‌ಗಳನ್ನು ಕ್ಯಾಪಿಟಲ್ ಅಕ್ಷರದಲ್ಲೇ ಬರೆಯಬೇಕು. ಸಣ್ಣ ಅಕ್ಷರದ "ಆರ್" ಅದಕ್ಕೆ ಆಪರೇಟರ್ ಅಲ್ಲ.

ಎರಡು, ಸಿ ಭಾಷೆಯಲ್ಲಿ ಆಂಡ್‌ಗೆ ಆರ್‌ಗಿಂತ ಹೆಚ್ಚು ಪ್ರಾಶಸ್ತ್ಯ. ಪಬ್‌ಮೆಡ್‌ನಲ್ಲಿ ಹಾಗಿಲ್ಲ, ಎಡದಿಂದ ಬಲಕ್ಕೆ ಸಾಲಾಗಿ ಹೋಗುತ್ತೆ. "ರೇಸ್ ಆರ್ ಸ್ಕಿನ್ ಟೋನ್ ಆಂಡ್ ಆಕ್ಸಿಮೆಟ್ರಿ" ಅಂತ ಬರೆದರೆ ಮೊದಲೆರಡು ಸೇರಿ ಆಮೇಲೆ ಆಕ್ಸಿಮೆಟ್ರಿ ಜೊತೆ ಆಂಡ್ ಆಗುತ್ತೆ, ಅದೃಷ್ಟಕ್ಕೆ ಸರಿಯಾಗುತ್ತೆ. ಅದನ್ನೇ ತಿರುಗಿಸಿ "ಆಕ್ಸಿಮೆಟ್ರಿ ಆಂಡ್ ಸ್ಕಿನ್ ಟೋನ್ ಆರ್ ರೇಸ್" ಅಂತ ಬರೆದರೆ, ಆಕ್ಸಿಮೀಟರ್‌ಗೆ ಸಂಬಂಧವೇ ಇಲ್ಲದ ರೇಸ್ ಕುರಿತ ಎಲ್ಲ ಪೇಪರ್‌ಗಳೂ ಬಂದು ಬೀಳುತ್ತವೆ. ಬ್ರಾಕೆಟ್ ಹಾಕಿದರೆ ಈ ತಲೆನೋವೇ ಇಲ್ಲ.

ಮೂರು, "ನಾಟ್" ಕತ್ತಿ ಇದ್ದ ಹಾಗೆ. "ಮಕ್ಕಳ ಮೇಲಿನ ಅಧ್ಯಯನ ಬೇಡ" ಅಂತ ನಾಟ್ ಚಿಲ್ಡ್ರನ್ ಹಾಕಿದರೆ, ದೊಡ್ಡವರನ್ನೂ ಮಕ್ಕಳನ್ನೂ ಸೇರಿಸಿ ಅಳೆದ ಪೇಪರ್ ಕೂಡ ಹೋಯ್ತು. "ಇದು ಮಕ್ಕಳಿಗೆ ಅನ್ವಯಿಸಲ್ಲ" ಅಂತ ಒಂದು ಸಾಲು ಬರೆದ ಪೇಪರೂ ಹೋಯ್ತು. ಬೇಡದ್ದು ಹತ್ತಿಪ್ಪತ್ತು ಬಂದರೆ ಕಣ್ಣಲ್ಲೇ ಬಿಟ್ಟುಬಿಡಿ.

ಸ್ಟಾರ್ ಚಿಹ್ನೆ ಉಪಯೋಗಕ್ಕೆ ಬರುತ್ತೆ. "ಆಕ್ಸಿಮೆಟ್"ವರೆಗೆ ಬರೆದು ಸ್ಟಾರ್ ಹಾಕಿದರೆ ಆಕ್ಸಿಮೆಟ್ರಿ, ಆಕ್ಸಿಮೀಟರ್, ಆಕ್ಸಿಮೀಟರ್ಸ್ ಎಲ್ಲವೂ ಒಟ್ಟಿಗೆ ಬರುತ್ತೆ, ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಅಲ್ಲಿಯವರೆಗೆ ಒಂದೇ ತಾನೆ. ಸ್ಟಾರ್‌ಗೆ ಮುಂಚೆ ಕನಿಷ್ಠ ನಾಲ್ಕು ಅಕ್ಷರ ಇರಬೇಕು. ಇದು ಯಾಕೆ ಮುಖ್ಯ ಅಂದರೆ, 2005ರ ಪೇಪರಿನ ತಲೆಬರಹದಲ್ಲಿ ಇರೋದು ಆಕ್ಸಿಮೀಟರ್, ಆಕ್ಸಿಮೆಟ್ರಿ ಅಲ್ಲ. "ಪಲ್ಸ್ ಆಕ್ಸಿಮೆಟ್ರಿ" ಅಂತ ಕೋಟ್ಸ್ ಒಳಗೆ ಹಾಕಿ ತಲೆಬರಹದಲ್ಲಿ ಮಾತ್ರ ಹುಡುಕುವವರಿಗೆ ಅದು ಸಿಗಲ್ಲ.

ಬಾಕ್ಸ್ ಹಿಂದೆ ಏನಾಗುತ್ತೆ

ನಾವು ಟೈಪ್ ಮಾಡಿದ್ದನ್ನು ಪಬ್‌ಮೆಡ್ ಹಾಗೇ ಹುಡುಕಲ್ಲ. ಸದ್ದಿಲ್ಲದೆ ಬದಲಿಸುತ್ತೆ. "ಹಾರ್ಟ್ ಅಟ್ಯಾಕ್" ಅಂದರೆ ಅದು "ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್" ಅನ್ನೂ ಸೇರಿಸಿ ಹುಡುಕುತ್ತೆ. ಇದಕ್ಕೆ ಆಟೊಮ್ಯಾಟಿಕ್ ಟರ್ಮ್ ಮ್ಯಾಪಿಂಗ್ ಅಂತ ಹೆಸರು. ಬಹಳ ಸಲ ಉಪಕಾರವೇ. ಆದರೆ ಏನು ಬದಲಿಸಿತು ಅಂತ ನೋಡಬೇಕು. ಅಡ್ವಾನ್ಸ್ಡ್ ಪೇಜಿಗೆ ಹೋದರೆ ಕೆಳಗೆ ಹಿಸ್ಟರಿ ಇರುತ್ತೆ, ಅದರಲ್ಲಿ ಡೀಟೇಲ್ಸ್ ಒತ್ತಿದರೆ ನಿಜವಾಗಿ ಓಡಿದ ಕ್ವೆರಿ ಪೂರ್ತಿ ಕಾಣುತ್ತೆ. ಕೋಡ್ ಕಂಪೈಲ್ ಆದಮೇಲೂ ಔಟ್‌ಪುಟ್ ಪ್ರಿಂಟ್ ಮಾಡಿ ನೋಡುತ್ತೀವಲ್ಲ, ಹಾಗೆ.

ಕೋಟ್ಸ್ ಹಾಕಿದರೆ ಅಥವಾ ಸ್ಟಾರ್ ಹಾಕಿದರೆ ಈ ಬದಲಾವಣೆ ನಿಲ್ಲುತ್ತೆ. ಆಗ ಸಮಾನಾರ್ಥಕ ಪದಗಳನ್ನು ಸೇರಿಸುವ ಜವಾಬ್ದಾರಿ ಪೂರ್ತಿ ನಮ್ಮದು.

ಎಲ್ಲಿ ಹುಡುಕಬೇಕು ಅಂತಲೂ ಹೇಳಬಹುದು. ಪದದ ಪಕ್ಕ ಸ್ಕ್ವೇರ್ ಬ್ರಾಕೆಟ್‌ನಲ್ಲಿ ಟಿ-ಐ ಅಂತ ಹಾಕಿದರೆ ತಲೆಬರಹ ಮಾತ್ರ, ಟಿ-ಐ-ಎ-ಬಿ ಅಂದರೆ ಮುಖ್ಯವಾಗಿ ತಲೆಬರಹ ಮತ್ತು ಅಬ್‌ಸ್ಟ್ರಾಕ್ಟ್, ಎ-ಡಿ ಅಂದರೆ ಲೇಖಕರ ಸಂಸ್ಥೆಯ ವಿಳಾಸ. ಇಂಡಿಯಾ ಅಂತ ಬರೆದು ಎ-ಡಿ ಹಾಕಿದರೆ ಭಾರತದ ಸಂಸ್ಥೆಗಳಿಂದ ಬಂದವು ಮೇಲೆ ಬರುತ್ತವೆ. ಆದರೆ ಅದು ಲೇಖಕರ ವಿಳಾಸ, ರೋಗಿಗಳ ವಿಳಾಸ ಅಲ್ಲ ಅನ್ನೋದು ನೆನಪಿರಲಿ.

ಮೆಶ್: ಲೈಬ್ರರಿಯವರು ಕಟ್ಟಿದ ಲೇಬಲ್

ಒಂದೇ ವಿಷಯಕ್ಕೆ ನೂರು ಹೆಸರು ಅನ್ನೋ ಸಮಸ್ಯೆ ಲೈಬ್ರರಿಯವರಿಗೆ ನಮಗಿಂತ ಮೊದಲೇ ಗೊತ್ತಿತ್ತು. 1960ರಲ್ಲಿ ಅವರು ಮೆಡಿಕಲ್ ಸಬ್ಜೆಕ್ಟ್ ಹೆಡಿಂಗ್ಸ್, ಚಿಕ್ಕದಾಗಿ ಮೆಶ್, ಅನ್ನೋ ಪಟ್ಟಿ ತಂದರು. ಈಗ ಅದರಲ್ಲಿ ಸುಮಾರು 30 ಸಾವಿರ ಶೀರ್ಷಿಕೆಗಳಿವೆ. ಲೇಖಕರು ಏನೇ ಪದ ಬಳಸಿರಲಿ, ಪೇಪರಿಗೆ ಸರಿಯಾದ ಶೀರ್ಷಿಕೆಯ ಲೇಬಲ್ ಕಟ್ಟುತ್ತಾರೆ. ಕ್ಯಾನ್ಸರ್, ಟ್ಯೂಮರ್ ಏನಂದರೂ ಲೇಬಲ್ "ನಿಯೋಪ್ಲಾಸಮ್ಸ್". ನಮ್ಮ ಯಂತ್ರಕ್ಕೆ "ಆಕ್ಸಿಮೆಟ್ರಿ", ಚರ್ಮಕ್ಕೆ "ಸ್ಕಿನ್ ಪಿಗ್ಮೆಂಟೇಶನ್".

ಮೆಶ್ ಒಂದು ಮರ. ನಮ್ಮ ಡೇಟಾ ಸ್ಟ್ರಕ್ಚರ್ ಕ್ಲಾಸಿನ ಟ್ರೀ ಥರವೇ, ಮೇಲಿನ ನೋಡ್ ಹಾಕಿದರೆ ಕೆಳಗಿನ ಎಲ್ಲ ಕೊಂಬೆಗಳೂ ತಾವಾಗೇ ಸೇರುತ್ತವೆ. ಸೇರಬಾರದು ಅಂದರೆ ನೋ-ಎಕ್ಸ್‌ಪ್ಲೋಡ್ ಅನ್ನೋ ಆಯ್ಕೆ ಇದೆ. ಪೇಪರಿನ ಮುಖ್ಯ ವಿಷಯವೇ ಅದಾಗಿದ್ದರೆ ಮಾತ್ರ ಬೇಕು ಅಂದರೆ ಮೇಜರ್ ಟಾಪಿಕ್ ಅನ್ನೋ ಆಯ್ಕೆ ಇದೆ. ಸರ್ಚ್ ಕಿರಿದು ಮಾಡೋಕೆ ಇದು ಒಳ್ಳೆಯ ದಾರಿ, ಏಕೆಂದರೆ ಇದು ಪದವನ್ನಲ್ಲ, ಅರ್ಥವನ್ನು ನೋಡಿ ಜರಡಿ ಹಿಡಿಯುತ್ತೆ.

ಆದರೆ ಎಲ್ಲರ ಮನೆ ದೋಸೆನೂ ತೂತೇ. ಪಬ್‌ಮೆಡ್‌ನ ಎಲ್ಲ ದಾಖಲೆಗಳಿಗೂ ಮೆಶ್ ಲೇಬಲ್ ಇರಲ್ಲ. ಮೆಡ್‌ಲೈನ್ ಅನ್ನೋ ಒಳಗಿನ ಭಾಗದ ಜರ್ನಲ್‌ಗಳಿಗೆ ಇರುತ್ತೆ. ಅದರಾಚೆಯ ಎಷ್ಟೋ ದಾಖಲೆಗಳಿಗೆ ಲೇಬಲ್ ಬರೋದೇ ಇಲ್ಲ. ಮೆಶ್ ಒಂದನ್ನೇ ನಂಬಿದರೆ ಅವೆಲ್ಲ ಕೈತಪ್ಪುತ್ತವೆ. ಅದಕ್ಕೆ ಅನುಭವಿಗಳು ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ: ಮೆಶ್ ಶೀರ್ಷಿಕೆ ಆರ್ ಟಿ-ಐ-ಎ-ಬಿ ಹಾಕಿದ ಮಾಮೂಲಿ ಪದಗಳು. ನಮ್ಮ ಪೂರ್ತಿ ಸರ್ಚ್ ಹೀಗಾಗುತ್ತೆ: ಮೆಶ್ ಆಕ್ಸಿಮೆಟ್ರಿ ಮತ್ತು "ಆಕ್ಸಿಮೆಟ್" ಸ್ಟಾರ್ ಒಂದು ಬ್ರಾಕೆಟ್‌ನಲ್ಲಿ, ನಡುವೆ ಆರ್. ಮೆಶ್ ಸ್ಕಿನ್ ಪಿಗ್ಮೆಂಟೇಶನ್ ಮತ್ತು ಮೇಲೆ ಹೇಳಿದ ಚರ್ಮದ ಪದಗಳೆಲ್ಲ ಇನ್ನೊಂದು ಬ್ರಾಕೆಟ್‌ನಲ್ಲಿ, ನಡುವೆಲ್ಲ ಆರ್. ಎರಡು ಬ್ರಾಕೆಟ್ ಮಧ್ಯೆ ಆಂಡ್. ಮೂರೂ ಪೇಪರ್‌ಗಳು ಈ ಬಲೆಯೊಳಗೆ ಬೀಳುತ್ತವೆ.

ಎಡಗಡೆಯ ಫಿಲ್ಟರ್‌ಗಳು: ಒಂದೊಂದರ ಬೆಲೆ ಎಷ್ಟು?

ಈಗ ಆ ಟಕಟಕ ಒತ್ತುವ ಬಟನ್‌ಗಳಿಗೆ ಬರೋಣ. ಮೂರು ಪೇಪರ್ ನೆನಪಿದೆಯಲ್ಲ?

ಫ್ರೀ ಫುಲ್ ಟೆಕ್ಸ್ಟ್. ನಮ್ಮಂಥ ವಿದ್ಯಾರ್ಥಿಗಳು ಮೊದಲು ಒತ್ತೋದು ಇದನ್ನೇ. ದುಡ್ಡು ಕೊಡದೆ ಓದಲಾಗದ ಪೇಪರ್‌ಗಳ ಅಬ್‌ಸ್ಟ್ರಾಕ್ಟ್ ಕೂಡ ಇದರಿಂದ ಮಾಯವಾಗುತ್ತೆ. ಪೇಪರ್ ಇದೆ ಅನ್ನೋದೇ ಗೊತ್ತಾಗಲ್ಲ. ಸರ್ಚ್ ಮಾಡುವಾಗ ಇದನ್ನು ಹಾಕಬೇಡಿ. ಅಬ್‌ಸ್ಟ್ರಾಕ್ಟ್ ಓದಿ, ಬೇಕು ಅನ್ನಿಸಿದ್ದನ್ನು ಆಮೇಲೆ ಲೈಬ್ರರಿಯಲ್ಲಿ ಕೇಳಿ, ಇಲ್ಲಾ ಲೇಖಕರಿಗೆ ಒಂದು ಇಮೇಲ್ ಬರೆಯಿರಿ.

ಕೊನೆಯ ಐದು ವರ್ಷ. "ಲೇಟೆಸ್ಟ್ ಪೇಪರ್ಸ್ ಮಾತ್ರ ಹಾಕಿ" ಅಂತ ಗೈಡ್ ಹೇಳಿರುತ್ತಾರೆ. ಈ ಬಟನ್ ಒತ್ತಿದರೆ 1990 ಮತ್ತು 2005ರವು ಹೋದವು. ವರ್ಷ ಕಳೆದ ಹಾಗೆ 2020ರದ್ದೂ ಆ ಗೆರೆಯ ಆಚೆ ಹೋಗುತ್ತೆ. ಹೋದದ್ದು ಬರೀ ಹಳೇ ಪೇಪರ್‌ಗಳಲ್ಲ. "ಈ ತೊಂದರೆ 1990ರಲ್ಲೇ ಬರೆದಿಟ್ಟಿದ್ದರು, ಮೂವತ್ತು ವರ್ಷ ಬಹಳ ಜನ ತಲೆ ಕೆಡಿಸಿಕೊಳ್ಳಲಿಲ್ಲ" ಅನ್ನೋ ಕಥೆಯೇ ಹೋಯ್ತು. ಎಡಗಡೆ ವರ್ಷವಾರು ಬಾರ್ ಗ್ರಾಫ್ ಇರುತ್ತೆ. ಮೊದಲು ಅದನ್ನು ನೋಡಿ, ಎಲ್ಲಿ ಏರಿದೆ ಅಂತ ತಿಳಿದು ಆಮೇಲೆ ವರ್ಷ ಆರಿಸಿ.

ಆರ್ಟಿಕಲ್ ಟೈಪ್. ಕ್ಲಿನಿಕಲ್ ಟ್ರಯಲ್, ರಿವ್ಯೂ, ಮೆಟಾ-ಅನಾಲಿಸಿಸ್ ಅಂತ ಪಟ್ಟಿ ಇದೆ. ಔಷಧಿ ಕೆಲಸ ಮಾಡುತ್ತಾ ಅಂತ ಕೇಳುವಾಗ ಟ್ರಯಲ್ ಸರಿ. ನಮ್ಮದು ಮೀಟರಿನ ಪ್ರಶ್ನೆ. 2020ರದ್ದು ಟ್ರಯಲ್ ಅಲ್ಲ, ರಿವ್ಯೂ ಅಲ್ಲ, ಒಂದು ಪತ್ರ. ಯಾವುದನ್ನು ಒತ್ತಿದರೂ ಅದು ಹೋಗುತ್ತೆ. ಆದರೆ ಸಿಸ್ಟಮ್ಯಾಟಿಕ್ ರಿವ್ಯೂ ಬಟನ್ ಒಂದು ಸಲ ಬೇರೆಯಾಗಿ ಒತ್ತಿ ನೋಡೋದು ಒಳ್ಳೇದು. ಒಂದು ಒಳ್ಳೆ ರಿವ್ಯೂ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಅಬ್‌ಸ್ಟ್ರಾಕ್ಟ್ ಇರುವವು ಮಾತ್ರ. ನಿರಪಾಯ ಅನ್ನಿಸುತ್ತೆ. 2020ರ ಪತ್ರ ಇಲ್ಲೂ ಹೋಯ್ತು.

ಹ್ಯೂಮನ್ಸ್. ಇಲಿ, ಹಂದಿ ಮೇಲಿನ ಪ್ರಯೋಗ ಬೇಡ ಅಂತ ಒತ್ತುತ್ತೀವಿ. ಆದರೆ ಈ ಫಿಲ್ಟರ್ ನೋಡೋದು ಮೆಶ್ ಲೇಬಲ್ ಅನ್ನು. ಲೇಬಲ್ ಇಲ್ಲದ ಪೇಪರ್ ಮನುಷ್ಯರ ಮೇಲಿನದ್ದೇ ಆಗಿದ್ದರೂ ಹೊರಗೆ. ಇದಕ್ಕೆ ಲೈಬ್ರರಿಯವರು ಒಂದು ಚಂದದ ಲಾಜಿಕ್ ಬಳಸುತ್ತಾರೆ: ನಾಟ್, ಆಮೇಲೆ ಬ್ರಾಕೆಟ್‌ನಲ್ಲಿ ಮೆಶ್ ಅನಿಮಲ್ಸ್ ನಾಟ್ ಮೆಶ್ ಹ್ಯೂಮನ್ಸ್. ಅಂದರೆ "ಪ್ರಾಣಿ ಅಂತ ಲೇಬಲ್ ಇದ್ದು ಮನುಷ್ಯ ಅಂತ ಇಲ್ಲದವನ್ನು ಮಾತ್ರ ತೆಗಿ". ಲೇಬಲ್ ಇಲ್ಲದವು ಸುರಕ್ಷಿತವಾಗಿ ಒಳಗೇ ಉಳಿಯುತ್ತವೆ. ನಾಟ್ ಅನ್ನು ಹೀಗೆ ಬಳಸಿದರೆ ಕತ್ತಿಯೂ ಕೆಲಸಕ್ಕೆ ಬರುತ್ತೆ.

ಇನ್ನೊಂದು ವಿಷಯ. ಒಮ್ಮೆ ಒತ್ತಿದ ಫಿಲ್ಟರ್ ಮುಂದಿನ ಸರ್ಚ್‌ಗೂ ಹಾಗೇ ಅಂಟಿಕೊಂಡಿರುತ್ತೆ. ರಿಸಲ್ಟ್ ಮೇಲೆ "ಫಿಲ್ಟರ್ಸ್ ಅಪ್ಲೈಡ್" ಅನ್ನೋ ಸಾಲು ಕಾಣುತ್ತಿದೆಯಾ ಅಂತ ಪ್ರತಿ ಸಲ ನೋಡಿ.

ಸರ್ಚಿನ ಅಂಚಿನಾಚೆ ಇದ್ದ ಪೇಪರ್

ಮಾರ್ಕ್ಸ್‌ಗೆ ಬರೆಯುವ ಲಿಟರೇಚರ್ ಸರ್ವೆಗೆ ಇಷ್ಟೆಲ್ಲ ಬೇಕಾ ಅಂತ ಕೇಳುವವರಿಗೆ ಒಂದು ನಿಜ ಘಟನೆ.

2001ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಸ್ತಮಾ ಬಗ್ಗೆ ಒಂದು ಅಧ್ಯಯನ ನಡೆಯುತ್ತಿತ್ತು. ಆರೋಗ್ಯವಂತ ಸ್ವಯಂಸೇವಕರಿಗೆ ಹೆಕ್ಸಮೆಥೋನಿಯಂ ಅನ್ನೋ ಹಳೇ ಔಷಧಿಯನ್ನು ಉಸಿರಿನ ಮೂಲಕ ಕೊಟ್ಟರು. 24 ವರ್ಷದ ಒಬ್ಬ ಸ್ವಯಂಸೇವಕಿಯ ಶ್ವಾಸಕೋಶ ಕೆಟ್ಟು ಜೂನ್ ತಿಂಗಳಲ್ಲಿ ಆಕೆ ತೀರಿಕೊಂಡರು. ಸಂಶೋಧಕರು ಪಬ್‌ಮೆಡ್ ಹುಡುಕಿದ್ದರು. ಆದರೆ ಆಗ ಪಬ್‌ಮೆಡ್‌ನ ದಾಖಲೆಗಳು ಹಿಂದಕ್ಕೆ ಹೋಗುತ್ತಿದ್ದದ್ದು 1966ರ ತನಕ ಮಾತ್ರ. ಈ ಔಷಧಿ ಶ್ವಾಸಕೋಶಕ್ಕೆ ಹಾನಿ ಮಾಡುತ್ತೆ ಅನ್ನೋ ವರದಿಗಳು ಬಂದಿದ್ದು 1950ರ ದಶಕದಲ್ಲಿ. ಪರಿಣಾಮ ಎಷ್ಟು ಗಂಭೀರವಾಯಿತು ಅಂದರೆ ಸರ್ಕಾರದ ಹಣದಲ್ಲಿ ಅಲ್ಲಿ ನಡೆಯುತ್ತಿದ್ದ ಮನುಷ್ಯರ ಮೇಲಿನ ಬಹುಪಾಲು ಸಂಶೋಧನೆಯನ್ನು ಕೆಲವು ದಿನ ನಿಲ್ಲಿಸಲಾಯಿತು.

ಇಲ್ಲಿ ಯಾರೂ ಐದು ವರ್ಷದ ಬಟನ್ ಒತ್ತಿರಲಿಲ್ಲ. ಡೇಟಾಬೇಸ್‌ನ ಅಂಚೇ ಒಂದು ಫಿಲ್ಟರ್ ಆಗಿಬಿಟ್ಟಿತ್ತು. ಈಗ ಪಬ್‌ಮೆಡ್‌ಗೆ 1940ರ ದಶಕದವರೆಗಿನ ಹಳೇ ದಾಖಲೆಗಳೂ ಸೇರಿವೆ. ಆದರೆ ಆ ಹಳೇ ದಾಖಲೆಗಳಲ್ಲಿ ಅಬ್‌ಸ್ಟ್ರಾಕ್ಟ್ ಇರಲ್ಲ, ಹಾಗಾಗಿ ಅಬ್‌ಸ್ಟ್ರಾಕ್ಟ್ ಫಿಲ್ಟರ್ ಹಾಕಿದವರಿಗೆ ಅವು ಇವತ್ತಿಗೂ ಸಿಗಲ್ಲ.

ಒಂದು ಒಳ್ಳೆ ಪೇಪರ್ ಸಿಕ್ಕಮೇಲೆ

ಸರ್ಚ್ ಒಂದೇ ದಾರಿ ಅಲ್ಲ. ಸರಿಯಾದ ಒಂದು ಪೇಪರ್ ಸಿಕ್ಕರೆ ಅದರ ಪೇಜಿನಲ್ಲಿ ಕೆಳಗೆ ಹೋಗಿ. "ಸಿಮಿಲರ್ ಆರ್ಟಿಕಲ್ಸ್" ಅದೇ ವಿಷಯದ ಬೇರೆ ಪೇಪರ್ ತೋರಿಸುತ್ತೆ. "ಸೈಟೆಡ್ ಬೈ" ಅದನ್ನು ಆಮೇಲೆ ಯಾರು ಉಲ್ಲೇಖಿಸಿದರು ಅಂತ ತೋರಿಸುತ್ತೆ. ಪೇಪರಿನ ಮೆಶ್ ಲೇಬಲ್‌ಗಳೂ ಅಲ್ಲೇ ಇರುತ್ತವೆ, ಅವುಗಳಲ್ಲಿ ಹೊಸದೇನಾದರೂ ಕಂಡರೆ ನಿಮ್ಮ ಚೀಲಕ್ಕೆ ಸೇರಿಸಿ ಮತ್ತೆ ಸರ್ಚ್ ಓಡಿಸಿ.

ಇದನ್ನೇ ಪರೀಕ್ಷೆಗೂ ಬಳಸಬಹುದು. ನಿಮಗೆ ಗೊತ್ತಿರುವ ಎರಡು ಮೂರು ಮುಖ್ಯ ಪೇಪರ್ ಪಟ್ಟಿ ಮಾಡಿ. ಫಿಲ್ಟರ್ ಹಾಕಿದಮೇಲೆ ಅವು ಇನ್ನೂ ಇವೆಯಾ ನೋಡಿ. ಒಂದು ಹೋಗಿದ್ದರೆ ನಿಮಗೆ ಗೊತ್ತಿಲ್ಲದ ಇನ್ನೆಷ್ಟು ಹೋಗಿರಬಹುದು ಅಂತ ಯೋಚಿಸಿ. ಟೆಸ್ಟ್ ಕೇಸ್ ಇಲ್ಲದೆ ಕೋಡ್ ಸಬ್ಮಿಟ್ ಮಾಡಲ್ಲ ತಾನೆ?

ಬರೆದಿಡಿ

ಕೊನೆಯದು ಬಹಳ ಸುಲಭ, ಬಹಳ ಕಡಿಮೆ ಜನ ಮಾಡೋದು. ರಿಪೋರ್ಟಿನಲ್ಲಿ ನಾಲ್ಕು ಸಾಲು: ಯಾವ ದಿನ ಹುಡುಕಿದಿರಿ, ಪೂರ್ತಿ ಕ್ವೆರಿ ಏನು, ಯಾವ ಫಿಲ್ಟರ್ ಹಾಕಿದಿರಿ ಮತ್ತು ಯಾಕೆ, ಎಷ್ಟು ಬಂತು ಅದರಲ್ಲಿ ಎಷ್ಟು ಓದಿದಿರಿ. ಉಚಿತ ಅಕೌಂಟ್ ಮಾಡಿಕೊಂಡರೆ ಸರ್ಚ್ ಸೇವ್ ಆಗುತ್ತೆ, ಹೊಸ ಪೇಪರ್ ಬಂದಾಗ ಇಮೇಲ್ ಕೂಡ ಬರುತ್ತೆ. ಮುಂದಿನ ಬ್ಯಾಚ್‌ನ ಜೂನಿಯರ್ಸ್ ಅದೇ ಪ್ರಾಜೆಕ್ಟ್ ಎತ್ತಿಕೊಂಡರೆ ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ. ನೀವು ಎಲ್ಲಿ ಹುಡುಕಿಲ್ಲ ಅನ್ನೋದೂ ಅವರಿಗೆ ಕಾಣುತ್ತೆ.

ವೈವಾದಲ್ಲಿ "ಎಷ್ಟು ಪೇಪರ್ ರೆಫರ್ ಮಾಡಿದ್ರಿ?" ಅಂತ ಕೇಳೇ ಕೇಳುತ್ತಾರೆ. ಹದಿನೈದು ಅಂತ ಹೇಳೋದು ಸುಲಭ. ಆ ಹದಿನೈದೇ ಯಾಕೆ, ಉಳಿದವನ್ನು ಯಾವ ಕಾರಣಕ್ಕೆ ಬಿಟ್ಟಿರಿ ಅಂತ ಕೇಳಿದರೂ ಹೇಳೋಕೆ ಬರಬೇಕು. ನಾವು ಮಾಡುವ ಡಿವೈಸ್ ನಾಳೆ ಯಾರದೋ ಬೆರಳಿಗೆ ಹೋಗುತ್ತೆ, ಆ ಬೆರಳಿನ ಬಣ್ಣ ಯಾವುದು ಅಂತ ನಮಗೆ ಇವತ್ತು ಗೊತ್ತಿರಲ್ಲ.